ಒಂದೇ ಸಲ ಕೇಳೂ ಫೋನು

ಮಂದಿ ಫೋನಿನ್ಯಾಗ ಆ್ಯಪ್ ಹಾಕೂ ಕೆಲಸ ಹಿಡದಾಗಿಂದ ನನಗ ನಗಾಕ ಬ್ಯಾರೆ ಏನೂ ಬೇಕಾಗಿಲ್ಲ, ಸಿಟ್ಟಿಗೇಳಾಕೂ ಬೇಕಾಗಿಲ್ಲ. ಇಂಡಿ ಊರಿನ ಲಿಂಬಿ ಬೆಳೆಗಾರರ ಸಂಘದಾಗ ಕಂಪ್ಯೂಟರ್ ನೋಡ್ಕೊಳ್ಳಾಕಿ ನಾನು. ದಿನಾ ಮುಂಜಾನೆ ಲಿಂಬಿ ರೇಟು ಹೇಳಿ, ಕಾಯಿ ಒಯ್ಯೂ ಗಾಡಿಗೆ ತೋಟದ ದಾರಿ ತೋರಿಸೂ ಆ್ಯಪ್ ನಾನ ಮಾಡೇನಿ. ಆದ್ರ ಅಧ್ಯಕ್ಷರು ಖಡಕ್ಕಾಗಿ ಹೇಳಿಬಿಟ್ರು: "ನೋಡವಾ, ಸಭಾದಾಗ ಒಬ್ಬ ಹಿರ್ಯಾ ತಾನ ಫೋನ್ ಹಿಡದು, ಯಾರೂ ಕೈ ಹಚ್ಚದಂಗ ಇದನ್ನ ಹಾಕ್ಕೋಬೇಕು. ಆಗ್ಲಿಲ್ಲಂದ್ರ ಆ್ಯಪ್ ಬಂದ್. ನೀ ಮೊದಲಿನಂಗ ಬೋರ್ಡಿನ ಮ್ಯಾಲ ಸೀಮೆಸುಣ್ಣದಾಗ ರೇಟು ಬರಿ."

ಇಷ್ಟು ದಿನದ ದುಡಿಮಿ ಸೀಮೆಸುಣ್ಣಕ್ಕ ಬಿಟ್ಟು ಕೊಡಾಕಿ ನಾ ಅಲ್ಲ. ಮಂದಿ ಎಲ್ಲಿ ಎಡವತಾರ ನೋಡೇಬಿಡೂನು ಅಂತ ಬ್ಯಾಗ್ ಹಾಕ್ಕೊಂಡು ಊರೂರು ತಿರುಗಾಕ ಹೊಂಟೆ.

ಬೀಗರ ಮರ್ಯಾದಿ

ಮುದ್ದೇಬಿಹಾಳದ ಕಡೆ ಒಬ್ಬ ಅಜ್ಜಿ ಫೋನಿನ್ಯಾಗ ಆ್ಯಪ್ ಇಳಿಯಾಕ ಜಾಗಾನ ಇರಲಿಲ್ಲ. ತುಂಬ ಶುಭೋದಯದ ಚಿತ್ರ.

"ಇವನ್ನ ಅಳಸ್ಲೇನಬೇ ಅಜ್ಜಿ?"

"ಅಯ್ಯ ಶಿವನ! ಬೀಗರು ಕಳಿಸಿದ್ದು. ಅವರನ್ನ ಕೇಳದ ಅಳಸಿದ್ರ ಅಲ್ಲಿ ನನ್ನ ಮಗಳು ಮಾತು ಕೇಳ್ಬೇಕಾಕ್ಕೈತಿ."

ಆತು, ಬೀಗರಿಗೇ ಫೋನ್ ಹಚ್ಚಿದ್ವಿ. "ಅಳಸ್ರಿ, ಅದಕ್ಯಾಕ ಕೇಳ್ತೀರಿ" ಅಂದ್ರು, ಧಾರಾಳ ಮನುಷ್ಯಾ. ನಾ ಎಲ್ಲಾ ಅಳಸಿ ಮುಗಿಸೂದ್ರಾಗ ಬೀಗರ ಮನಿ ಮಂದೆಲ್ಲಾ ಸಾಲಾಗಿ ನಿಂತು, ಕೈ ಮುಗದು, ಒಪ್ಪಿಗಿ ಐತಿ ಅಂತ ಹೇಳೂ ಉದ್ದಾನ ವಿಡಿಯೊ ಬಂತು. ಜಾಗಾ ಮತ್ತ ಭರ್ತಿ!

ಇಂಡಿಗೆ ವಾಪಸ್ ಬಂದಾಕಿನ ಆ್ಯಪನ್ನ ಅರ್ಧಕ್ಕರ್ಧ ಸಣ್ಣದು ಮಾಡಿದೆ.

ಸೋಮವಾರ

ಬಸವನ ಬಾಗೇವಾಡಿಯಿಂದ ಬಸ್ ಹಿಡದು ಇಂಗಳೇಶ್ವರಕ್ಕ ಹೋದೆ. ಕಟ್ಟಿ ಮ್ಯಾಲ ಕುಂತಿದ್ದ ರೈತರೊಬ್ಬರು ಫೋನ್ ನನ್ನ ಕೈಗೆ ಕೊಡಲೇ ಇಲ್ಲ.

"ಇವತ್ತ ಸೋಮಾರರಿ. ಎತ್ತಿಗೇ ನೊಗ ಹಾಕಂಗಿಲ್ಲ, ಫೋನಿಗೆ ಹ್ಯಾಂಗ ಕೆಲಸ ಹಚ್ಚಲಿ?"

"ಅಲ್ರಿ, ಈಗ ತಾಸಿನಿಂದ ರೀಲ್ಸ್ ನೋಡಾಕತ್ತೀರಲ್ಲ?"

"ಅದು ಕೆಲಸೇನ್ರಿ? ಮೇಯಾಕ ಬಿಟ್ಟೇನಿ."

ಇಂಡಿಯ ಸಭಾ

ಸಭಾದ ದಿನ ಸಿಂದಗಿ ಕಡೆಯ ಕಾಕಾ ಒಬ್ಬರು ಎದ್ದು ನಿಂತು "ನಾ ಹಾಕ್ಕೋತೇನಿ" ಅಂದ್ರು. ಎಲ್ಲಾರೂ ಸುತ್ತ ನೆರೆದ್ರು. ಆ್ಯಪ್ ಸರಾಗ ಇಳೀತು. ಕಡೀಕ ಫೋನು, ತೋಟದ ಜಾಗಾ ತಿಳ್ಕೋಳಾಕ ಒಪ್ಪಿಗಿ ಐತೇನು ಅಂತ ಕೇಳ್ತು. ಕಾಕಾ ನಗುನಗುತ್ತ "ಬೇಡ" ಒತ್ತಿ, ಕೈ ಕಟ್ಕೊಂಡು ಕುಂತ್ರು. ಎಲ್ಲಾ ಅಲ್ಲೇ ನಿಂತು ಹೋತು.

"ಸೀಮೆಸುಣ್ಣ ತರಸ್ಲೇನು?" ಅಂದ್ರು ಅಧ್ಯಕ್ಷರು.

"ಕಾಕಾ, ಬೇಡ ಅಂತ ಯಾಕ ಒತ್ತಿದ್ರಿ?" ಅಂತ ಕೇಳಿದೆ. ಅಳೂನೇ ಬಂದಿತ್ತು.

"ಅಲ್ಲವಾ ತಂಗಿ, ಯಾರರ ಚಾ ಕುಡೀರಿ ಅಂದ ಕೂಡ್ಲೆ ಕುಡೀತೀವೇನು? ಮೊದಲ ನಾವು ಬ್ಯಾಡ್ರಿ ಅನ್ನೂದು, ಅವರು ಇಲ್ರಿ ಕುಡೀರಿ ಅನ್ನೂದು, ಆಮ್ಯಾಲ ಕುಡಿಯೂದು. ನಿನ್ನ ಫೋನು ಒಮ್ಮೆ ಕೇಳಿ ಸುಮ್ನಾತು. ಎಂಥಾ ಮನೆತನದ್ದೋ ಏನೋ!"

ಮಂದಿ ಬಿದ್ದು ಬಿದ್ದು ನಕ್ರು. ನಾ ನಗಲಿಲ್ಲ. "ಒಂದ ವಾರ ಕೊಡ್ರಿ" ಅಂತ ಅಧ್ಯಕ್ಷರಿಗೆ ಗಟ್ಟಿಯಾಗಿ ಕೇಳಿದೆ. ಹ್ಞೂಂ ಅಂದ್ರು. ಫೋನು ಕೇಳೂದಕ್ಕಿಂತ ಮೊದಲ ನಮ್ಮ ಆ್ಯಪ್ಪೇ ಮರ್ಯಾದಿಯಿಂದ ಮೂರು ಸಲ ಕೇಳೂವಂಗ ಮಾಡಿದೆ.

ಮುಂದಿನ ಸಭಾದಾಗ ಅದೇ ಕಾಕಾ, ಅದೇ ಫೋನು. ಕಾಕಾ "ಬ್ಯಾಡ" ಒತ್ತಿದ್ರು. "ಹಂಗನಬ್ಯಾಡ್ರಿ, ನಿಮ್ಮ ತೋಟಕ್ಕ ಗಾಡಿ ಬರಬೇಕಲ್ರಿ" ಅಂತ ಬಂತು. ಮತ್ತ "ಬ್ಯಾಡ". "ನಮ್ಮ ಮಾತಿಗರ ಬೆಲಿ ಕೊಡ್ರಿ" ಅಂತ ಬಂತು. ಕಾಕಾನ ಮುಖ ಅರಳಿತು. "ಇಷ್ಟು ಹೇಳಿದ ಮ್ಯಾಲ ಇಲ್ಲನ್ನಾಕ ಆಕ್ಕೈತೇನು" ಅಂತ "ಹೂಂ" ಒತ್ತೇಬಿಟ್ರು, ಆಮ್ಯಾಲ ಫೋನು ಕೇಳಿದ್ದಕ್ಕೂ ಒತ್ತಿದ್ರು. ಪರದೆ ಮ್ಯಾಲ ಅವತ್ತಿನ ಲಿಂಬಿ ರೇಟು ಬಂತು. ಯಾರೂ ಕೈ ಹಚ್ಚಿರಲಿಲ್ಲ. ಗೆದ್ದೆ ಅಂತ ನಾ ನಿಂತಲ್ಲೇ ಚಪ್ಪಾಳಿ ಹೊಡದೆ.

ಅಧ್ಯಕ್ಷರು ಸೋತದ್ದನ್ನ ತೋರಿಸದಂಗ ತಮ್ಮ ಫೋನ್ ತಗದ್ರು, ತಾವೂ ಆ್ಯಪ್ ಇಳಿಸಿದ್ರು, ಮೊದಲನೇ ಪ್ರಶ್ನಿಗೇ "ಹೂಂ" ಒತ್ತಿದ್ರು.

ಬಾಜೂಕ ಕುಂತಿದ್ದ ಕಾಕಾ ಇಡೀ ಸಭಾಕ್ಕ ಕೇಳಿಸೂವಂಗ ಅಂದ್ರು: "ಏನ್ರಿ ಅಧ್ಯಕ್ಷರ, ಮನ್ಯಾಗ ಚಾ ಕೊಡೂದಿಲ್ಲೇನು?"