ತುಪ್ಪ ಬಡಿಸುವ ಹುದ್ದೆಗೆ ನೇಮಕಾತಿ

ನಮ್ಮ ಸೋದರಮಾವನನ್ನು ಒಂದು ಮಾತು ಕೇಳದೆ ಜಗತ್ತಿನ ಯಾವ ಸರ್ಕಾರವೂ ಒಬ್ಬ ಗುಮಾಸ್ತನನ್ನು ಕೂಡ ನೇಮಿಸಬಾರದು. ಇದು ನನ್ನ ಅಭಿಪ್ರಾಯವಲ್ಲ, ಅವನದೇ! ಬಸವನ ಬಾಗೇವಾಡಿಯಲ್ಲಿ ಅವನದೊಂದು ಪಾತ್ರೆ ಅಂಗಡಿ. ಸರ್ಕಾರಿ ನೌಕರಿಯ ಗಾಳಿಯೂ ಅವನಿಗೆ ಸೋಕಿಲ್ಲ. ಆದರೆ ಗಿರಾಕಿ ಬಂದು ಕೊಡ ಕೇಳಿದರೆ, ಮೊಬೈಲಿನಿಂದ ತಲೆ ಎತ್ತದೆ, "ಜಪಾನದಾಗ ಅಧಿಕಾರಿಗಳನ್ನ ಹೆಂಗ ಆರಿಸ್ತಾರ ಗೊತ್ತೇನ್ರಿ?" ಅನ್ನುತ್ತಾನೆ. ಗಿರಾಕಿ ಪಕ್ಕದ ಅಂಗಡಿಯಲ್ಲಿ ಕೊಡ ಕೊಳ್ಳುತ್ತಾನೆ.

ಸಿಂದಗಿಯಲ್ಲಿ ನಮ್ಮಕ್ಕನ ಮದುವೆ ನಿಶ್ಚಯವಾದಾಗ ಅವನಿಗೆ ಬೇಕಾದ ಸರ್ಕಾರ ಸಿಕ್ಕಿತು. ಬೀಗರು ಮುದ್ದೇಬಿಹಾಳದವರು. ತುಪ್ಪ ತಪ್ಪಿತೆಂದು ಹಿಂದೊಂದು ಮದುವೆಯಲ್ಲಿ ಎಲೆ ಬಿಟ್ಟು ಎದ್ದುಹೋದ ಹಿರಿಯರೊಬ್ಬರು ಅವರಲ್ಲಿದ್ದರು.

"ಹಂಗೇನರ ಆದ್ರ ನಮ್ಮ ಹುಡುಗಿ ಜೀವನಪೂರ್ತಿ ಮಾತು ಕೇಳಬೇಕಾಗತೈತಿ" ಎಂದು ಅಪ್ಪ ನಿದ್ದೆಗೆಟ್ಟರು.

"ಬಡಿಸೋರನ್ನ ನನಗ ಬಿಡ್ರಿ ಭಾವಾ. ಪದ್ಧತಿ ಪ್ರಕಾರ ಆರಿಸ್ತೇನಿ" ಎಂದ ಮಾವ.

ಮೊದಲು ಹಳೆಯ ಚೀನಾ. ಅಲ್ಲಿ ಪರೀಕ್ಷೆಗೆ ಬಂದವರನ್ನು ಸಣ್ಣ ಕೋಣೆಗಳಲ್ಲಿ ದಿನಗಟ್ಟಲೆ ಕೂಡಿಹಾಕುತ್ತಿದ್ದರಂತೆ. ಇಂಡಿ, ಹೊರ್ತಿಗಳಿಂದ ಬಂದಿದ್ದ ಅಣ್ಣತಮ್ಮಂದಿರ ಜೊತೆ ನನ್ನನ್ನೂ ಜೋಳದ ಚೀಲಗಳ ಕೋಣೆಗೆ ತಳ್ಳಿ, 'ಗೋಧಿ ಹುಗ್ಗಿ ಬೇಡವೆಂದವರಿಗೆ ಎಷ್ಟು ಸಲ ಒತ್ತಾಯ ಮಾಡಬೇಕು? ವಿವರಿಸಿ' ಎಂಬ ಪ್ರಶ್ನೆ ಕೊಟ್ಟು, ಹೊರಗಿನಿಂದ ಚಿಲಕ ಹಾಕಿದ. ಹಾಕಿ ಮರೆತ! ಅತ್ತೆ ಜೋಳಕ್ಕೆಂದು ಬಾಗಿಲು ತೆರೆದಾಗ ಇಡೀ ಆಡಳಿತ ವರ್ಗ ಚೀಲಗಳ ಮೇಲೆ ಗೊರಕೆ ಹೊಡೆಯುತ್ತಿತ್ತು.

ಆಮೇಲೆ ಇಂಗ್ಲೆಂಡ್. ಅಲ್ಲಿ, ಇಲ್ಲದ ಸಮಸ್ಯೆಯೊಂದನ್ನು ಹುಟ್ಟಿಸಿ, ಅಭ್ಯರ್ಥಿ ಹೇಗೆ ಬಿಡಿಸುತ್ತಾನೆಂದು ನೋಡುತ್ತಾರಂತೆ. ಅತ್ತೆಯೇ ಬೀಗರ ಪಾತ್ರಧಾರಿ. ಎಲೆಯ ತುಂಬ ತುಪ್ಪವಿದ್ದರೂ ಮುಖ ಗಂಟಿಕ್ಕಿ, "ನನಗ ತುಪ್ಪಾ ಬಂದಿಲ್ಲ" ಎಂದಳು.

"ಐತಲ್ಲ ಎಲಿಯಾಗ!" ಎಂದೆ ನಾನು.

"ಫೇಲ್!" ಮಾವ ಕಿರುಚಿದ. "ಬೀಗರಿಗೆ ಎದುರು ಮಾತಾಡ್ತಿ? 'ತಪ್ಪಾತ್ರಿ' ಅಂದು ಮತ್ತ ಹಾಕಬೇಕಲೇ!"

ಜಪಾನಿನಲ್ಲಿ ಎಲ್ಲ ಕೆಲಸ ಕಲಿಯಲೆಂದು ಅಧಿಕಾರಿಗಳನ್ನು ಕೆಲವು ವರ್ಷಕ್ಕೊಮ್ಮೆ ಬೇರೆ ಇಲಾಖೆಗೆ ಹಾಕುತ್ತಾರಂತೆ. ಮಾವನಿಗೆ ಅಷ್ಟು ಪುರುಸೊತ್ತೆಲ್ಲಿ? ಸೀಟಿ ಊದಿದಾಗಲೆಲ್ಲ ವರ್ಗಾವಣೆ! ಸಾರಿನವನು ಸಾರಿನ ಸೌಟಿನೊಂದಿಗೇ ಹುಗ್ಗಿಗೆ ಬಂದ. ತಾಲೀಮಿನ ಆ ಹುಗ್ಗಿಯನ್ನು ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು.

ಕೊನೆಗೆ ಫ್ರಾನ್ಸ್. ಅಲ್ಲಿ ಬಹಳ ಕಾಲ ತರಬೇತಿ ಶಾಲೆಯ ರ‍್ಯಾಂಕಿನ ಪ್ರಕಾರ ಹುದ್ದೆ ಆರಿಸಿಕೊಳ್ಳುತ್ತಿದ್ದರಂತೆ. ನನ್ನ ಕಣ್ಣು ತುಪ್ಪದ ಮೇಲೆ. ಮದುವೆಮನೆಯಲ್ಲಿ ತುಪ್ಪದ ಗಿಂಡಿ ಹಿಡಿದವನಿಗಿಂತ ದೊಡ್ಡ ಅಧಿಕಾರಿ ಯಾರಿದ್ದಾರೆ ಹೇಳಿ! ಅದು ಹೊರ್ತಿಯ ಕಾಕಾನ ಮಗನಿಗೆ ಹೋಯಿತು. ಕೊನೆಯ ರ‍್ಯಾಂಕಿನ ನನಗೆ ನೀರಿನ ಜಗ್ಗು.

ಮದುವೆಯ ದಿನ ತಾಳಿಕೋಟೆ ಕಡೆಯ ಬಸ್ಸುಗಳೆಲ್ಲ ನಮ್ಮ ಮಂಟಪಕ್ಕೇ ಬಂದವೇನೋ ಅನ್ನುವಷ್ಟು ಜನ. ಊಟ ಭರದಿಂದ ಸಾಗಿದ್ದಾಗ ಯಾವುದೋ ಮಗು ಪೀಪಿ ಊದಿತು. ನಮ್ಮವರು ವರ್ಗಾವಣೆಯೆಂದೇ ತಿಳಿದು ಜಾಗ ಬದಲಿಸಿಬಿಟ್ಟರು! ತುಪ್ಪದವನು ಗಿಂಡಿ ಕೆಳಗಿಟ್ಟು ಉಪ್ಪಿನಕಾಯಿಗೆ ಓಡಿದ. ಅದೇ ಹೊತ್ತಿಗೆ ಬೀಗರ ಆ ಹಿರಿಯರು, ತುಪ್ಪ ತೇಲುವ ಎಲೆಯನ್ನು ಮುಂದಿಟ್ಟುಕೊಂಡೇ, "ನನಗ ತುಪ್ಪಾ ಬಂದಿಲ್ಲ!" ಎಂದು ಗುಡುಗಿದರು. ಅಪ್ಪ ಪಕ್ಕದ ಕಂಬ ಹಿಡಿದುಕೊಂಡರು.

"ತಪ್ಪಾತ್ರಿ ಕಾಕಾ" ಎಂದವನೇ ನಾನು ಜಗ್ಗು ಇಟ್ಟು, ಆ ಗಿಂಡಿ ತಂದು ಸುರಿದೆ.

"ಶಾಣ್ಯಾ ಅದಿ ನೋಡು" ಎಂದು ಹಿರಿಯರು ಮೀಸೆಯಲ್ಲೇ ನಕ್ಕು ಹುಗ್ಗಿ ಕಲಸಿಕೊಂಡರು. ಅಪ್ಪ ಕಂಬ ಬಿಟ್ಟರು.

ಹೊತ್ತು ಇಳಿದ ಮೇಲೆ ಬಡಿಸಿದವರ ಕೊನೆಯ ಪಂಕ್ತಿ. ಆ ಪಂಕ್ತಿಗೆ ಸಿಗುವುದು ತಳ ಕೆರೆದ ಹುಗ್ಗಿ, ತುಪ್ಪದ ಬರಿಯ ವಾಸನೆ. ಎಲ್ಲ ಮದುವೆಗಳಲ್ಲೂ ಅಷ್ಟೇ ತಾನೆ? ಆದರೆ ಮಾವ ಬೇರೆ ತೆಗೆದಿಟ್ಟಿದ್ದ ಹುಗ್ಗಿಯನ್ನೂ, ತನ್ನ ಅಂಗಡಿಯ ಹೊಸ ಡಬ್ಬಿಯ ತುಂಬ ತುಪ್ಪವನ್ನೂ ಹಿಡಿದು ಬಂದ. ಒಬ್ಬನೇ ಎಲ್ಲರಿಗೂ ಬಡಿಸಿದ.

"ಇದು ಯಾವ ದೇಶದ ಪದ್ಧತಿ ಮಾಮಾ?"

"ಎಲ್ಲಾ ದೇಶಾನೂ ನೋಡೇನಿ ಅಳಿಯಾ. ಬಡಿಸಿದವರಿಗೆ ಬಡಿಸಾಕ ಯಾರನ್ನ ಇಡ್ತಾರ ಅಂತ ಎಲ್ಲೂ ಹೇಳಿಲ್ಲ."

ಬೆಳಗಿನಿಂದ ಅವನೂ ಉಂಡಿರಲಿಲ್ಲ. ಅದು ನನಗೆ ಆಗಷ್ಟೇ ಹೊಳೆಯಿತು. ಇಂಥವನನ್ನೇ ನಾವು ಇಷ್ಟು ದಿನ ನಗೆಪಾಟಲು ಮಾಡಿದ್ದು! ಕೈ ಹಿಡಿದು ಕೂಡಿಸಿ, ಎಲೆ ಹಾಕಿ, ಹುಗ್ಗಿ ಬಡಿಸಿ, ಡಬ್ಬಿ ಬಗ್ಗಿಸಿದೆ. ತುಪ್ಪ ಎಲೆಯಂಚಿನವರೆಗೆ ಹರಿಯಿತು. ಮಾವನ ಕಣ್ಣು ಒದ್ದೆಯಾಗಿತ್ತು. ಆದರೂ ಬೇಕೆಂದೇ ಮುಖ ಗಂಟಿಕ್ಕಿಕೊಂಡ.

"ನನಗ ತುಪ್ಪಾ ಬಂದಿಲ್ಲ."

"ತಪ್ಪಾತ್ರಿ" ಎಂದು ಮತ್ತೆ ಹಾಕಿದೆ.