ಫ್ಲ್ಯಾಶಿಗೆ ಕೈ ಹಚ್ಚಿದ ಮೇಲೆ

ಏನನ್ನೇ ಬಿಚ್ಚಿ ಮತ್ತೆ ಕೂಡಿಸಲಿ, ಕೊನೆಗೆ ಒಂದು ಸ್ಕ್ರೂ ಕೈಯಲ್ಲಿ ಉಳಿಯುತ್ತದೆ. ನನ್ನ ಬಾಳು ನಡೆದಿರುವುದೇ ಹೀಗೆ.

ನವನಗರದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಇದೆ ಎಂದು ಬೋರ್ಡು ಹೇಳುತ್ತದೆ. ಜನ ಈಗ ಎಲ್ಲ ಕಾರ್ಯಗಳ ಫೋಟೋವನ್ನೂ ತಮ್ಮ ಮೊಬೈಲಿನಲ್ಲೇ ಮುಗಿಸಿಕೊಳ್ಳುತ್ತಾರೆ. ನನ್ನನ್ನು ಇನ್ನೂ ಕರೆಯುತ್ತಿದ್ದದ್ದು ಒಂದೇ ಮನೆ, ಹುಬ್ಬಳ್ಳಿಯ ಹತ್ತಿ ವ್ಯಾಪಾರದ ಸಾಹುಕಾರರದು. ಅವರ ಮದುವೆಯ ಫೋಟೋ ತೆಗೆದವನೂ ನಾನೇ. ಆ ಮನೆ ತಪ್ಪಿತೆಂದರೆ ಶಟರ್ ಎಳೆಯುವುದೊಂದೇ ಬಾಕಿ. ಇಷ್ಟು ಗೊತ್ತಿದ್ದೂ, ಅವರ ಮನೆಯ ಕಾರ್ಯಗಳಿಗೇ ನಾನು ಕೈಯಾರೆ ಕೆಡಿಸಿದ ಫ್ಲ್ಯಾಶ್ ಒಯ್ಯುತ್ತ ಬಂದೆ. ಹೊಸದನ್ನು ಕೊಳ್ಳಲು ಆಗುವುದಿಲ್ಲ, ಹಳೆಯದನ್ನು ಬಿಚ್ಚದೆ ಇರಲೂ ಆಗುವುದಿಲ್ಲ.

ಪೇಢೆ ಡಬ್ಬಿ

ಫ್ಲ್ಯಾಶಿನ ಬೆಳಕು ನೇರವಾಗಿ ಬಡಿದರೆ ಮುಖ ಸುಣ್ಣ ಬಳಿದಂತೆ ಕಾಣುತ್ತದೆ. ಅದನ್ನು ಮೆತ್ತಗೆ ಮಾಡಲು ನಾನು ಪೇಢೆಯ ಖಾಲಿ ಡಬ್ಬಿಯೊಂದನ್ನು ಹಿಂಬದಿಗೆ ಕೊರೆದು ಫ್ಲ್ಯಾಶಿಗೆ ಸಿಕ್ಕಿಸಿದೆ. ಮುಂದೆ ಕಿಟಕಿ ಕತ್ತರಿಸಿ ಬಟರ್ ಪೇಪರ್ ಅಂಟಿಸಿದೆ. ಬೆಳಕು ನಿಜಕ್ಕೂ ಚೆನ್ನಾಗಿಯೇ ಬಂತು.

ಅದನ್ನು ಹೊತ್ತು ಸಾಹುಕಾರರ ಮನೆಯ ತೊಟ್ಟಿಲು ಕಾರ್ಯಕ್ಕೆ ಹೋದೆ. ಸಾಹುಕಾರರ ತಾಯಿ ತೊಟ್ಟಿಲ ಪಕ್ಕದಲ್ಲೇ ಕೂತಿದ್ದರು. ನಾನು ಕ್ಲಿಕ್ ಮಾಡಿದಾಗಲೆಲ್ಲ ಅವರು ಕೈ ಮುಂದೆ ಚಾಚುತ್ತಿದ್ದರು. ಹಿರಿಯರು ಆಶೀರ್ವಾದ ಮಾಡುತ್ತಿದ್ದಾರೆಂದು ನಾನು ಪ್ರತಿಸಲವೂ ತಲೆ ಬಾಗಿಸಿದೆ. ನಾಲ್ಕನೆಯ ಸಲಕ್ಕೆ ಅವರಿಗೆ ತಾಳ್ಮೆ ತಪ್ಪಿತು.

“ಫೋಟೋ ಹೊಡಿ, ಬ್ಯಾಡ ಅನ್ನಂಗಿಲ್ಲ. ಪೇಢಾ ಯಾವಾಗ ಕೊಡ್ತಿ, ತಮ್ಮಾ?”

ಡಬ್ಬಿ ಬಿಚ್ಚಿ ಖಾಲಿ ಇದೆ ಎಂದು ತೋರಿಸಿದೆ. ಖಾಲಿ ಡಬ್ಬಿ ಹಿಡಿದು ಕಾರ್ಯಕ್ಕೆ ಬಂದ ಮನುಷ್ಯ ಎಂದು ಅವರು ಬಂದವರಿಗೆಲ್ಲ ನನ್ನನ್ನು ತೋರಿಸಿದರು. ಆಲ್ಬಮ್ಮಿನ ಮೊದಲ ನಾಲ್ಕು ಫೋಟೋಗಳಲ್ಲಿ ಕೂಸು ಕಾಣುವುದಿಲ್ಲ, ಅಜ್ಜಿಯ ಅಂಗೈ ಕಾಣುತ್ತದೆ.

ಸ್ಕೂಟರ್ ಬ್ಯಾಟರಿ

ಸಾಹುಕಾರರ ಮಗಳ ನಿಶ್ಚಯ ಸತ್ತೂರಿನಲ್ಲಿ, ಗಂಡಿನ ಮನೆಯಲ್ಲಿ. ಫ್ಲ್ಯಾಶಿನ ಸೆಲ್ಲುಗಳು ಅರ್ಧ ಕಾರ್ಯಕ್ಕೇ ಮುಗಿದುಹೋಗುತ್ತವೆ ಎಂದು ಈ ಸಲ ಬೇರೆ ಉಪಾಯ ಮಾಡಿದ್ದೆ. ಸ್ಕೂಟರಿನ ಬ್ಯಾಟರಿಯನ್ನು ಅವರ ಅಂಗಳದಲ್ಲೇ ಬಿಚ್ಚಿ, ಕಾಯಿಪಲ್ಲೆ ಚೀಲದಲ್ಲಿಟ್ಟು ಹೆಗಲಿಗೆ ಹಾಕಿ, ವೈರ್ ಎಳೆದು ಫ್ಲ್ಯಾಶಿಗೆ ಕೊಟ್ಟೆ.

ಮೂರು ಫೋಟೋ ಭರ್ಜರಿಯಾಗಿ ಬಂದವು. ನಾಲ್ಕನೆಯದಕ್ಕೆ ಫ್ಲ್ಯಾಶಿನಿಂದ ದಟ್ಟ ಹೊಗೆ ಎದ್ದಿತು. ಕಣ್ಣು ಅರೆಮುಚ್ಚಿ ಮಂತ್ರ ಹೇಳುತ್ತಿದ್ದ ಅಯ್ಯನವರು ಯಾರೋ ಲೋಬಾನ ತಂದರೆಂದು ತಿಳಿದು, ಎರಡೂ ಕೈಯಿಂದ ಹೊಗೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಅವರನ್ನು ನೋಡಿ ಬೀಗರೂ ಒತ್ತಿಕೊಂಡರು. ಸಾಲುಗಟ್ಟಿ ಜನ ಬರತೊಡಗಿದರು. ಕೈ ಸುಡುತ್ತಿದ್ದರೂ ಬಿಸಾಡುವಂತಿರಲಿಲ್ಲ. ಎಲ್ಲರದೂ ಮುಗಿಯುವ ತನಕ ಹಿಡಿದುಕೊಂಡೇ ನಿಂತೆ.

ಫ್ಲ್ಯಾಶ್ ಸತ್ತಿತು, ಜೊತೆಗೆ ಬ್ಯಾಟರಿಯೂ ಸತ್ತಿತು. ಸತ್ತೂರಿನಿಂದ ನವನಗರದವರೆಗೆ ಸ್ಕೂಟರ್ ನೂಕಿಕೊಂಡು ಬಂದೆ. ಕಾರ್ಯಕ್ಕೆಂದು ರೇಷ್ಮೆ ಸೀರೆ ಉಟ್ಟು ಬಂದಿದ್ದ ನನ್ನ ಹೆಂಡತಿ ಚೀಲ ಹಿಡಿದು ಹಿಂದೆ ನಡೆದಳು. ಮನೆಯ ಬಾಗಿಲಲ್ಲಿ ಚೀಲ ಇಳಿಸಿ ಹೇಳಿದಳು: “ಸೆಲ್ಲಿನ ರೊಕ್ಕ ಉಳೀತು, ಸೋವಿದಾಗ ಮುಗೀತ ನೋಡ್ರಿ.”

ಎಲ್ಲರಿಗೂ ಬೆಳಕು

ಇನ್ನು ಉಳಿದದ್ದು ಸಾಹುಕಾರರ ಮಗಳ ಮದುವೆ. ಇದನ್ನು ಕೆಡಿಸಿದರೆ ನನ್ನ ಕಥೆ ಮುಗಿದಂತೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸತ್ತ ಫ್ಲ್ಯಾಶನ್ನೇ ಬಿಚ್ಚಿದೆ. ಸುಟ್ಟ ಬಲ್ಬು ಕಿತ್ತು ಬೈಕಿನ ಎಲ್‌ಇಡಿ ದೀಪ ಕೂಡಿಸಿದೆ. ಬೆಳಕು ಗುರುತಿಸುವ ಒಂದು ಸಣ್ಣ ಕಣ್ಣನ್ನೂ ಇಟ್ಟೆ. ಕ್ಯಾಮೆರಾದ ಸಣ್ಣ ಫ್ಲ್ಯಾಶ್ ಮಿಂಚಿದೊಡನೆ ಈ ದೊಡ್ಡ ದೀಪ ತಾನಾಗಿ ಎರಡು ಸೆಕೆಂಡ್ ಹತ್ತಬೇಕು. ಕ್ಯಾಮೆರಾ ಸ್ಟುಡಿಯೋದಲ್ಲಿತ್ತು, ಹೆಂಡತಿಯ ಮೊಬೈಲಿನಲ್ಲೇ ಪರೀಕ್ಷೆ ಮಾಡಿದೆ. ಅಡಿಗೆಮನೆ ಹಗಲಿನಂತೆ ಬಂತು. ಸಾಕು ಎಂದೆ.

ಗಬ್ಬೂರಿನ ಕಲ್ಯಾಣಮಂಟಪದಲ್ಲಿ ವೇದಿಕೆಯ ಪಕ್ಕ ಕೋಲಿಗೆ ದೀಪ ಕಟ್ಟಿದೆ. ಅಕ್ಷತೆಯ ಹೊತ್ತಿಗೆ ಇಡೀ ಮಂಟಪ ಮೊಬೈಲ್ ಎತ್ತಿತು. ನನ್ನ ದೀಪ ಝಗ್ಗನೆ ಹತ್ತಿತು, ಆರಿತು, ಮತ್ತೆ ಹತ್ತಿತು. ನನ್ನ ಮಾತನ್ನೇ ಕೇಳುತ್ತಿದೆ ಎಂದು ನಾನು ಹಿಗ್ಗಿ ಒಂದೇ ಸಮನೆ ಕ್ಲಿಕ್ಕಿಸಿದೆ. ಕ್ಯಾಮೆರಾದ ಪರದೆ ನೋಡಲು ಪುರುಸೊತ್ತು ಸಿಕ್ಕಿದ್ದು ಅಕ್ಷತೆ ಮುಗಿದ ಮೇಲೆ.

ಎಲ್ಲವೂ ಕತ್ತಲು. ಬಾಸಿಂಗದ ಮಿಂಚು ಬಿಟ್ಟರೆ ಮದುಮಗನೂ ಇಲ್ಲ, ಮದುಮಗಳೂ ಇಲ್ಲ. ಮೊಬೈಲು ಮೊದಲು ಲೈಟು ಹಚ್ಚಿ, ನಿಧಾನಕ್ಕೆ ಫೋಟೋ ತೆಗೆಯುತ್ತದೆ. ನನ್ನ ಕ್ಯಾಮೆರಾ ಎರಡನ್ನೂ ಒಂದೇ ಕ್ಷಣಕ್ಕೆ ಮುಗಿಸುತ್ತದೆ. ದೀಪಕ್ಕೆ ಎಚ್ಚರವಾಗುವಷ್ಟರಲ್ಲಿ ನನ್ನ ಫೋಟೋ ಮುಗಿದಿರುತ್ತಿತ್ತು, ಮಂದಿಯದು ಶುರುವಾಗುತ್ತಿತ್ತು. ಊಟದ ಹಾಲಿನ ಹಿಂದೆ ಒಂದು ಕುರ್ಚಿ ಹಾಕಿಕೊಂಡು ಕೂತೆ. ಅಳು ಬಂತು, ಸುಳ್ಳೇಕೆ ಹೇಳಲಿ.

ಸಾಹುಕಾರರು ಮೊಬೈಲ್ ಹಿಡಿದು ಅಲ್ಲಿಗೇ ಬಂದು ನನ್ನ ಕ್ಯಾಮೆರಾದಲ್ಲಿ ಇಣುಕಿದರು. “ಮಂದೀವೆಲ್ಲಾ ಮಸ್ತ್ ಬಂದಾವಲ್ರಿ. ನಿಮ್ಮೂ ಅಷ್ಟ ಯಾಕ ಹಿಂಗ?”

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಬೀಗರು ಬಿಜ್ಜರ ಮೊಬೈಲಿನ ಫೋಟೋಗಳನ್ನು ಕೂಡಿಸಿ ನಾನೇ ಆಲ್ಬಮ್ ಮಾಡಿಕೊಟ್ಟೆ. ಆಮೇಲೆ ವರ್ಷವಾಗುತ್ತ ಬಂದರೂ ಆ ಮನೆಯಿಂದ ಫೋನ್ ಬರಲಿಲ್ಲ.

ಹೋದ ವಾರ ಬಂತು. ಮಗಳು ಏಳು ತಿಂಗಳ ಬಸುರಿಯಂತೆ, ಸೀಮಂತದ ಕುಬಸ ಇಟ್ಟುಕೊಂಡಿದ್ದಾರಂತೆ, ನಾನು ಬರಲೇಬೇಕಂತೆ. ಕ್ಯಾಮೆರಾ ಇವತ್ತೇ ಒರೆಸಿ ಇಡುತ್ತೇನೆ ಎಂದೆ.

“ಕ್ಯಾಮೆರಾ ಬ್ಯಾಡ ಬಿಡ್ರಿ” ಎಂದರು ಸಾಹುಕಾರರು. “ಮೊಬೈಲ್ ಎಲ್ಲಾರ ಕಡೆ ಅದಾವು. ಆ ಲೈಟ್ ಅಷ್ಟ ತಗೊಂಡ ಬರ್ರಿ.”

ಎಷ್ಟು ಗಂಟೆಗೆ ಬರಬೇಕು ಎಂದು ಕೇಳಿದೆ.