ಕಾಡವ್ವನ ಮನೆಯಲ್ಲಿ ಕರ್ಲಿಂಗ್

ಗುರುನಾಥ ಮಾಸ್ತರನ ನೌಕರಿ ಕಾಯಂ ಆಗುವುದು ಬಿಡುವುದು ಕಡೆಗೂ ಒಂದು ಬೀಸುಕಲ್ಲಿಗೆ ಬಂದು ನಿಂತಿತು.

ಬೈಲಹೊಂಗಲದ ಆ ಖಾಸಗಿ ಶಾಲೆಯಲ್ಲಿ ಅವನು ಆರು ವರ್ಷದಿಂದ ಹಂಗಾಮಿ ಪಿ.ಟಿ. ಮಾಸ್ತರ. ಕಿತ್ತೂರಿನ ಶಾಲೆಯೊಂದು ಬಿಲ್ಲುಗಾರಿಕೆ ಶುರುಮಾಡಿದ್ದು ಅಧ್ಯಕ್ಷ ಮಲಕಾಜಪ್ಪನವರ ಹೊಟ್ಟೆಗೆ ಬೆಂಕಿ ಇಟ್ಟಿತ್ತು. "ತಾಲೂಕಿನ್ಯಾಗ ಯಾರೂ ಕೇಳಿರಬಾರದು, ಅಂಥಾ ಆಟ ತರ್ರಿ. ಹೆಸರಿನ ಅರ್ಥ, ಹಿನ್ನೆಲಿ ಹೇಳಿ ಆಡಿ ತೋರಸ್ರಿ. ನಾಳೆ ಮುಂಜಾನೆ ಕಮಿಟಿ ಬರತೈತಿ. ಚಲೋ ಆತಂದ್ರ ಕಾಯಂ, ಇಲ್ಲಂದ್ರ ರಾಮ್ ರಾಮ್," ಎಂದಿದ್ದರು.

ಗುರುನಾಥ ಮೊಬೈಲಿನಲ್ಲಿ ಹುಡುಕಿ ಕರ್ಲಿಂಗ್ ಹಿಡಿದ. ಹಿಡಿಕೆಯುಳ್ಳ ದುಂಡು ಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಿಸಿ ದೂರದ ವೃತ್ತದೊಳಗೆ ನಿಲ್ಲಿಸುವ ಆಟ. ಕಲ್ಲಿನ ಮುಂದೆ ಇಬ್ಬರು ಕಸಬರಿಗೆ ಹಿಡಿದು ಉಜ್ಜುತ್ತ ಓಡಬೇಕು. ಉಜ್ಜಿದಷ್ಟೂ ಕಲ್ಲು ಮುಂದೆ ಹೋಗುತ್ತದೆ. ಬೈಲಹೊಂಗಲದಲ್ಲಿ ಮಂಜುಗಡ್ಡೆ ಸಿಗುವುದು ಕಬ್ಬಿನ ಹಾಲಿನ ಅಂಗಡಿಯಲ್ಲಿ ಮಾತ್ರ. ಅದಿಲ್ಲದಿದ್ದರೆ ನುಣುಪಾದ ನೆಲವಾದರೂ ಬೇಕು. ಅಂಥ ನೆಲ ಇದ್ದದ್ದು ಅವನ ಮಹಡಿಯ ಕೆಳಗೆ, ಕಾಡವ್ವನ ಪಡಸಾಲೆಯಲ್ಲಿ.

ಕಾಡವ್ವ ಮಲಕಾಜಪ್ಪನವರ ತಾಯಿ. ದೀಪಾವಳಿಯ ಮರುವಾರ ತೀರಿಕೊಂಡಿದ್ದಳು. ಅವಳು ಜೀವ ಬಿಟ್ಟ ಗಳಿಗೆಯ ನಕ್ಷತ್ರ ಕೆಟ್ಟದ್ದೆಂದು ಸ್ವಾಮಿಗಳು ಹೇಳಿದ ಮೇಲೆ ಮನೆಮಂದಿಯೆಲ್ಲ ಮೂರು ತಿಂಗಳ ಮಟ್ಟಿಗೆ ಬೀಗ ಹಾಕಿಕೊಂಡು ಪೇಟೆಯ ಮನೆಗೆ ಹೋದರು. ದೋಷ ಮೆಟ್ಟಿಲು ಹತ್ತುವುದಿಲ್ಲ ಎಂದು ತೀರ್ಮಾನವಾಗಿ ಬಾಡಿಗೆದಾರ ಗುರುನಾಥ ಮಾತ್ರ ಮಹಡಿಯಲ್ಲಿ ಉಳಿದ. ನೀರಿನ ಮೋಟರಿನ ಸ್ವಿಚ್ಚು ಕೆಳಗಿದ್ದುದರಿಂದ ಒಂದು ಕೀಲಿಕೈ ಅವನ ಹತ್ತಿರ ಇತ್ತು.

ಮುದುಕಿಗೆ ಕಸ ಕಂಡರೆ ಆಗುತ್ತಿರಲಿಲ್ಲ. ಬಂದವರು ಕಾಲು ಎತ್ತುವ ಮೊದಲೇ ಅವರ ಮುಂದೆ ಗುಡಿಸುತ್ತ ಹೋಗುವಳು. ಆದರೆ ಗುರುನಾಥ ತಡವಾಗಿ ಬಂದು ಮಹಡಿಯಲ್ಲಿ ಗುಡಿಸಿದರೆ ಕೆಳಗಿನಿಂದ ಗದರುವಳು: "ಏ ಮಾಸ್ತರಾ, ದೀಪಾ ಹಚ್ಚಿದ ಮ್ಯಾಲೆ ಕಸಬರಿಗಿ ಮುಟ್ಟತಾರೇನು? ಲಕ್ಷ್ಮಿ ಹೊರಗ ಹೋಗತಾಳ." ಬೈಸಿಕೊಂಡರೂ ಅವನಿಗೆ ಮುದುಕಿಯ ಮೇಲೆ ಪ್ರೀತಿಯಿತ್ತು.

ಆ ದಿನ ಸಂಜೆ ಐದೂವರೆ. ಕಸಬರಿಗೆ ಹಿಡಿಯಲು ಒಪ್ಪಿದ್ದ ಚಿತ್ರಕಲೆಯ ಮಾಸ್ತರ ಸಚಿನ ಸವದತ್ತಿಯಿಂದ ಫೋನ್ ಮಾಡಿದ. "ಬಸ್ಸು ಕೆಟ್ಟು ನಿಂತೈತ್ರಿ ಸರ. ನೀವ ಒಬ್ರ ಸುರು ಮಾಡ್ರಿ."

ಗುರುನಾಥ ಬೀಗ ತೆಗೆದು ಒಳಹೊಕ್ಕು ಬಾಗಿಲು ಮುಂದು ಮಾಡಿದ. ಕರಿಕಲ್ಲಿನ ನೆಲದ ಮೇಲೆ ಧೂಳು ಹಿಟ್ಟಿನಂತೆ ಕೂತಿತ್ತು. ಮೂಲೆಯಲ್ಲಿ ಕಾಡವ್ವನ ಕಸಬರಿಗೆ ಗೋಡೆಗೆ ಒರಗಿ ನಿಂತಿತ್ತು. ಅವನು ಅಲ್ಲೇ ಇದ್ದ ಅವಳ ಬೀಸುಕಲ್ಲಿನ ಮೇಲಿನ ಹೋಳನ್ನು ಎತ್ತಿ, ತಳಕ್ಕೆ ಗೊಬ್ಬರದ ಚೀಲದ ತುಂಡು ಬಿಗಿದ. ಆ ತುದಿಗೆ ಸುಣ್ಣದಿಂದ ವೃತ್ತ ಬರೆದ. ಗೂಟ ಹಿಡಿದು, ಮಂಡಿಯೂರಿ, ತಿರುವಿ ಬಿಟ್ಟ. ಕಲ್ಲು ಗುರ್ ಎಂದು ಅರ್ಧ ದಾರಿ ಹೋಗಿ ಧೂಳಿನಲ್ಲಿ ನಿಂತಿತು.

"ಮುಂದ ಕಸಾ ಹೊಡ್ಯಾಕ ಒಬ್ಬರರ ಇರಬೇಕಿತ್ತು," ಎಂದು ಗುರುನಾಥ ನಿಟ್ಟುಸಿರುಬಿಟ್ಟ.

ಎರಡನೆಯ ಸಲ ಕಲ್ಲು ನಿಲ್ಲಲಿಲ್ಲ. ಸರ್, ಸರ್ ಎಂದು ಎಲ್ಲೋ ಸಪ್ಪಳವಾಯಿತು. ಕಲ್ಲು ತಿರುಗುತ್ತ ಹೋಗಿ, ಕೊನೆಗೆ ಬಾಗಿ, ವೃತ್ತದ ನಡುವೆ ಕೂತಿತು. ಹೊರಗೆ ಗಾಳಿ ಬೀಸಿರಬೇಕು ಎಂದುಕೊಂಡ. ಮೂರನೆಯ ಸಲವೂ ಅದೇ ಸಪ್ಪಳ, ಅದೇ ವೃತ್ತ. ಬಗ್ಗಿ ನೋಡಿದರೆ ಧೂಳಿನ ನಡುವೆ ಒಂದು ಪಟ್ಟಿಯಷ್ಟು ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಆ ಪಟ್ಟಿ ಕಲ್ಲಿಗಿಂತ ಒಂದು ಗೇಣು ಮುಂದಕ್ಕೆ ಹೋಗಿತ್ತು.

ಗುರುನಾಥನಿಗೆ ಓಡಿಹೋಗಬೇಕೆನಿಸಿತು. ಆದರೆ ಆರು ವರ್ಷದ ಹಂಗಾಮಿತನ ಕಾಲು ಹಿಡಿದು ನಿಲ್ಲಿಸಿತು. ಉಳಿದವರು ಸಹಾಯ ಮಾಡದಿದ್ದಾಗ ಹೋದವರು ಮಾಡಿದರೆ ತಪ್ಪೇನು ಎಂದುಕೊಂಡು, "ಕಾಡವ್ವಾಯಿ, ನಾಳೆ ಸಾಲಿಗೂ ಬಾ," ಎಂದು ಮೆಲ್ಲಗೆ ಹೇಳಿದ.

ಅಷ್ಟರಲ್ಲಿ ಬಾಗಿಲು ಕಿರುಗುಟ್ಟಿತು. ಎದುರುಮನೆಯ ಯಲ್ಲವ್ವ, ಅವಳ ಬೆನ್ನಿಗೆ ಅರ್ಧ ಓಣಿ, ಎಲ್ಲರಿಗಿಂತ ಮುಂದೆ, ಯಲ್ಲವ್ವನೇ ಫೋನ್ ಮಾಡಿ ಕರೆಸಿದ್ದ ಮಲಕಾಜಪ್ಪ.

"ಕಾಡವ್ವಾಯಿ ಬೀಸಾಕ ಹತ್ಯಾಳ ಅಂತ ನಾ ಹೇಳಲಿಲ್ಲೇನ್ರಿ?" ಎನ್ನುತ್ತ ಯಲ್ಲವ್ವ ಸೆರಗಿನ ಮರೆಯಲ್ಲಿ ತಂದಿದ್ದ ದೀಪವನ್ನು ಹೊಸ್ತಿಲ ಮೇಲಿಟ್ಟು ಹಚ್ಚಿದಳು. "ಇನ್ನ ಯಾವದೂ ಹತ್ರ ಬರೂದಿಲ್ಲ."

ಮಲಕಾಜಪ್ಪನವರ ಮುಖ ಕೆಂಪಾಗಿತ್ತು. "ಬಿಟ್ಟ ಮನ್ಯಾಗ ಏನ್ ನಡಿಸೀರಿ, ಮಾಸ್ತರ್ರ?"

"ಕರ್ಲಿಂಗ್ ರೀ ಸಾವಕಾರ್ರ. ಐದನೂರು ವರ್ಷದ ಹಿಂದ ಸ್ಕಾಟ್ಲಂಡಿನ್ಯಾಗ, ಚಳಿಗೆ ಕೆರಿ ಗಡ್ಡಿ ಆದಾಗ ಮಂದಿ ಅದರ ಮ್ಯಾಲೆ ಕಲ್ಲು ಜಾರಸತಿದ್ರು. ಕಲ್ಲು ತಿರುಗಿಕೋತ ಹೋಗಿ ಕಡಿಕ್ಕ ಬಾಗತೈತಿ, ಅದಕ್ಕ ಆ ಹೆಸರು. ಗುಡುಗಿದಂಗ ಸಪ್ಪಳ ಮಾಡತೈತಿ, ಅದರಿಂದ ಬಂತು ಅನ್ನವರೂ ಅದಾರ. ಆ ವೃತ್ತಕ್ಕ ಅವರು ಮನಿ ಅಂತಾರ್ರಿ."

ಮಲಕಾಜಪ್ಪ ಸ್ವಲ್ಪ ತಣ್ಣಗಾದರು. "ಅಷ್ಟ ದೂರ ಕಲ್ಲು ಹೋಗತೈತೇನು?"

ಇಲ್ಲಿ ಗುರುನಾಥ ಬಾಯಿ ಮುಚ್ಚಿಕೊಂಡಿದ್ದರೆ ನಾಳೆಗೆ ಸಚಿನನಾದರೂ ಇರುತ್ತಿದ್ದ. "ಮಂದಿ ಯಾರೂ ಬ್ಯಾಡ್ರಿ. ನಾ ಒಬ್ಬಾಂವ ಸಾಕು. ಎರಡ ಸಲಾನೂ ನಡುವ ಕುಂದರಿಸೇನಿ."

"ಹಂಗಾರ ಈಗ ತೋರಸ್ರಿ. ಕುಂತರ ಇಲ್ಲೇ ಕಾಯಂ. ಕಮಿಟಿಗೆ ನಾ ಹೇಳತೇನಿ."

ಗುರುನಾಥ ಕಲ್ಲನ್ನು ಪಕ್ಕಕ್ಕೆ, ಧೂಳಿದ್ದ ಹೊಸ ದಾರಿಗೆ ಸರಿಸಿಕೊಂಡ. ಹಳೇ ಪಟ್ಟಿ ಯಾರಾದರೂ ನೋಡಿ ಕೇಳಿದರೆ ಕಷ್ಟ. "ಆಯಿ, ಇದೊಂದು ಸಲ," ಎಂದು ಗುನುಗಿ ಬಿಟ್ಟ.

ಕಲ್ಲು ಗುರ್ ಎಂದಿತು. ಬೇರೆ ಯಾವ ಸಪ್ಪಳವೂ ಬರಲಿಲ್ಲ. ಅರ್ಧ ದಾರಿಗೆ ಹೋಗಿ ಅದು ಧೂಳಿನಲ್ಲಿ ನಿಂತುಬಿಟ್ಟಿತು.

ಮಲಕಾಜಪ್ಪ ಕೈ ಚಾಚಿದರು. "ಕೀಲಿಕೈ ಕೊಡ್ರಿ. ನಾಳೆ ಸಾಲಿಗೆ ಬರಬ್ಯಾಡ್ರಿ."

ಕೀಲಿಕೈ ಇಸಿದುಕೊಂಡು ಹೊರಟ ಅವರ ಹಿಂದೆಯೇ, ಯಲ್ಲವ್ವನೊಬ್ಬಳನ್ನು ಬಿಟ್ಟು, ಓಣಿಯವರೂ ಕರಗಿದರು. ಗುರುನಾಥ ಮೂಲೆ ನೋಡಿದ. ಗೋಡೆಗೆ ಒರಗಿ ನಿಂತಿದ್ದ ಕಸಬರಿಗೆ ಅಲ್ಲಿರಲಿಲ್ಲ. ಅದು ಬಾಗಿಲ ಮರೆಯಲ್ಲಿ ಅಡ್ಡಲಾಗಿ, ಅಚ್ಚುಕಟ್ಟಾಗಿ ಮಲಗಿತ್ತು.

ಯಲ್ಲವ್ವನೂ ಅದನ್ನು ನೋಡಿದಳು. "ಕಾಡವ್ವಾಯಿ ಹಿಂಗ ಇಡತಿದ್ಲು ನೋಡ್ರಿ," ಎಂದಳು ತಗ್ಗಿದ ದನಿಯಲ್ಲಿ, "ದಿನಾ, ದೀಪಾ ಹಚ್ಚಿದ ಕೂಡಲೆ."

ಗುರುನಾಥ ಹೊಸ್ತಿಲ ಮೇಲಿನ ದೀಪವನ್ನು ನೋಡಿದ. ಅವನಿಗೆ ಅಳು ಬಂದಂತಾಯಿತು.

"ಇನ್ನೊಂದು ಐದು ಮಿನಿಟ್ ಬಿಟ್ಟು ಹಚ್ಚಬಾರದಾಗಿತ್ತೇನ್ರಿ, ಯಲ್ಲವ್ವಾರ?"